ಹನ್ನೊಂದು ಲಕ್ಷದ ಹನ್ನೊಂದು ಸಾವಿರದ ನೂರ ಹನ್ನೊಂದು

ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಸಿಕೊಳ್ಳುವ ಆಸೆಯೂ ಇಲ್ಲ.

ಅರವತ್ತರ ದಶಕದ ಆರಂಭ. ದಾವಣಗೆರೆಯಲ್ಲಿ ನಮ್ಮಪ್ಪನದು ಹತ್ತಿ ವ್ಯಾಪಾರ. ಅಕ್ಕನನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬಂದರು. ಗಂಡು ಗಣಿತದ ಮೇಷ್ಟ್ರು. ಬೇರೆ ಗಂಡುಗಳಾದರೆ ಹಾಡು ಹೇಳಿಸುತ್ತಿದ್ದರು. ಇವನು ಸ್ಲೇಟು ತರಿಸಿ ಆರು ಒಂದುಗಳನ್ನು ಸಾಲಾಗಿ ಬರೆದ. ಈ ಸಂಖ್ಯೆ ಯಾವುದರಿಂದೆಲ್ಲ ಭಾಗವಾಗುತ್ತದೆ, ಹೇಳು ಎಂದ. ಅಕ್ಕ ಓದಿದ್ದು ನಾಲ್ಕನೇ ಕ್ಲಾಸು. ತಲೆ ತಗ್ಗಿಸಿ ಸೆರಗಿನ ತುದಿ ಹೊಸೆಯುತ್ತ ಕೂತಳು. ಅವನೇ ಮೂರು, ಏಳು, ಹನ್ನೊಂದು, ಹದಿಮೂರು, ಮೂವತ್ತೇಳು ಎಂದು ಪಟಪಟನೆ ಹೇಳಿ ನಕ್ಕ.

"ಇಷ್ಟೂ ತಿಳೀದಾಕಿ ಜೊತಿ ಬಾಳೋದು ಹೆಂಗೆ?"

ಅವಳೆದುರಿಗೇ ಅಂದ. ಮಾತು ಓಣಿಯೆಲ್ಲ ಹಬ್ಬಿ ಅಕ್ಕನಿಗೆ ದಡ್ಡಿ ಎಂಬ ಹೆಸರು ಅಂಟಿತು. ಆಮೇಲೆ ಯಾರಾದರೂ ನೋಡಲು ಬರುತ್ತಾರೆಂದರೆ ಅವಳಿಗೆ ಜ್ವರ ಬರುತ್ತಿತ್ತು.

ಅವಳ ತಂಗಿ ನಾನು, ಆಗ ಕಾಲೇಜಿನಲ್ಲಿ ಗಣಿತ ಓದುತ್ತಿದ್ದೆ. ಅವನನ್ನು ಹತ್ತಿಯ ಹಾಗೆ ಹಿಂಜಿಹಾಕಬೇಕು ಎನಿಸುತ್ತಿತ್ತು. ಅದು ಆಗದ್ದಕ್ಕೆ ಅವನ ಸಂಖ್ಯೆಯ ಬೆನ್ನು ಹತ್ತಿದೆ. ಆ ಆರು ಒಂದುಗಳ ಬಲತುದಿಗೆ ಇನ್ನೊಂದು ಒಂದನ್ನು ಸೇರಿಸಿದೆ. ಹಾಗೆ ಸೇರಿಸುವುದೆಂದರೆ ಹಳೆಯದನ್ನು ಹತ್ತರಿಂದ ಗುಣಿಸಿ ಒಂದು ಕೂಡಿಸಿದಂತೆ. ಹಾಗಾಗಿ ಅವನು ಹೇಳಿದ ಐದರಲ್ಲಿ ಯಾವುದರಿಂದ ಭಾಗಿಸಿದರೂ ಒಂದು ಉಳಿಯುತ್ತದೆ. ಹಾಗಾದರೆ ಇದು ಯಾವುದರಿಂದಲೂ ಭಾಗವಾಗದ ಅವಿಭಾಜ್ಯ ಸಂಖ್ಯೆಯೇ? ಸಣ್ಣ ಅವಿಭಾಜ್ಯಗಳಿಂದ ಹಿಡಿದು ಒಂದೊಂದರಿಂದಲೇ ಭಾಗಿಸುತ್ತ ಹೋದೆ. ರೊಟ್ಟಿ ಬಡಿಯುವಾಗಲೂ ಅದೇ ಗುಂಗು. ನೂರು ದಾಟಿತು, ಇನ್ನೂರು ದಾಟಿತು. ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸಿದಾಗ ಶೇಷ ಸೊನ್ನೆ ಬಂತು. ಅವತ್ತು ಹೊಟ್ಟೆ ತುಂಬ ಉಂಡೆ.

ಮರುವರ್ಷ ಅವರು ಮತ್ತೆ ಬಂದರು. ನಾಚಿಕೆಗೆಟ್ಟವರು, ಈ ಸಲ ನನ್ನನ್ನು ಕೇಳಲು! ನೌಕರಿ ಇರುವ ಗಂಡು ಎಂದು ಅಪ್ಪ ಮೆತ್ತಗಾದರು. ಈ ಮದುವೆ ಆದರೆ, ಅವನು ಅಳಿಯನಾಗಿ ಮನೆಗೆ ಬಂದಾಗಲೆಲ್ಲ ಅಕ್ಕ ಜೀವಮಾನವಿಡೀ ಅವನಿಗೆ ಮಣೆ ಹಾಕಿ ಬಡಿಸಬೇಕಿತ್ತು. ನಾನೂ ಅವನನ್ನು ಒಂದು ಲೆಕ್ಕ ಕೇಳುತ್ತೇನೆ, ಸರಿಯಾಗಿ ಹೇಳಿದರೆ ಬಾಯಿ ಮುಚ್ಚಿಕೊಂಡು ತಾಳಿ ಕಟ್ಟಿಸಿಕೊಳ್ಳುತ್ತೇನೆ, ತಪ್ಪಿದರೆ ಮತ್ತೆ ಈ ಸುದ್ದಿ ಎತ್ತಬಾರದು ಎಂದು ಅಪ್ಪನಿಗೆ ಹೇಳಿದೆ. ಅಪ್ಪ ಹೂಂ ಅಂದರು. ಅವನಿಗೆ ಉತ್ತರ ಗೊತ್ತಿದ್ದರೆ ನನ್ನ ಕಥೆ ಮುಗಿದಂತೆಯೇ.

ಏಳು ಒಂದುಗಳನ್ನು ಬರೆದು ಸ್ಲೇಟನ್ನು ಅವನ ಮುಂದಿಟ್ಟೆ. ನಗುತ್ತಲೇ ಶುರುಮಾಡಿದ. ಮೂರಕ್ಕೆ ಹೋಗಲಿಲ್ಲ, ಏಳಕ್ಕೆ ಹೋಗಲಿಲ್ಲ. ಐವತ್ತರ ಆಸುಪಾಸಿಗೆ ಬರುವಷ್ಟರಲ್ಲಿ ಬೇಸತ್ತು ಬಳಪ ಕೆಳಗಿಟ್ಟ.

"ಇದು ಅವಿಭಾಜ್ಯ ಐತೆ" ಎಂದ, ಪಾಠ ಹೇಳುವ ದನಿಯಲ್ಲಿ.

"ಇನ್ನೂರ ಮೂವತ್ತೊಂಬತ್ತರಿಂದ ಭಾಗಿಸ್ರಿ."

ಎಲ್ಲರೆದುರು ಭಾಗಿಸಿದ. ನಾಲ್ಕು ಸಾವಿರದ ಆರುನೂರ ನಲವತ್ತೊಂಬತ್ತು ಬಂತು, ಏನೂ ಉಳಿಯಲಿಲ್ಲ. ಅವನ ಮುಖ ಹುಳ್ಳಗಾಯಿತು. ನನ್ನ ಹೊಟ್ಟೆ ತಣ್ಣಗಾಯಿತು.

ಅವನ ತಾಯಿ ಅಪ್ಪನ ಕಡೆ ತಿರುಗಿ, "ಒಂದು ಲೆಕ್ಕ ತಪ್ಪಿದ್ರ ಏನಾತ್ರಿ? ಅಷ್ಟಕ್ಕ ಮನುಷ್ಯಾರನ್ನ ಅಳೀತಾರೇನು?" ಎಂದರು.

ಅಡುಗೆಮನೆಯ ಬಾಗಿಲಿಗೆ ಅಕ್ಕ ಬಂದು ನಿಂತಿದ್ದಳು.

"ಅಳೀತಾರ್ರಿ. ನನ್ನ ಇಲ್ಲೇ ಕೂಡ್ರಿಸಿ ಅಳೆದ್ರಲ್ಲ."