ಕಮ್ಮಾರನ ಮಡುವಿನ ಸರದಿ

ಊನಾ ಪಿರಿ ವಾಟಿ ರಿಡಕ್‌ನನ್ನು ಮೊದಲು ಕಂಡದ್ದು ಏಪ್ರಿಲ್ ತಿಂಗಳ ಒಂದು ಮಂಗಳವಾರ, ಬೆಳಿಗ್ಗೆ ಹತ್ತಕ್ಕೆ ಹತ್ತು ನಿಮಿಷವಿದ್ದಾಗ. ಹೊತ್ತು ಅಷ್ಟು ಸರಿಯಾಗಿ ನೆನಪಿರಲು ಕಾರಣವಿದೆ. ಅವಳು ಶಾಲೆಯ ಬಸ್ಸು ಓಡಿಸುವವಳು. ಒಂಬತ್ತಕ್ಕೆ ಮಕ್ಕಳನ್ನು ಇಳಿಸಿದರೆ ಮತ್ತೆ ಹತ್ತಿಸಿಕೊಳ್ಳುವುದು ಮೂರಕ್ಕೆ. ನಡುವಿನ ಆರು ಗಂಟೆಗಳನ್ನು ಏನು ಮಾಡಬೇಕೆಂದು ತಿಳಿಯದೆ ಅವಳು ದಿನಕ್ಕೆ ಹತ್ತು ಸಲ ಗಡಿಯಾರ ನೋಡುತ್ತಿದ್ದಳು. ಗಂಡ ಇನ್ನೊಬ್ಬಳ ಜೊತೆ ದಕ್ಷಿಣದ ಪರ್ತ್ ಪಟ್ಟಣಕ್ಕೆ ಹೋಗಿ ಆರು ವರ್ಷವಾಗಿತ್ತು. ಮನೆಗೆ ಹೋದರೆ ಸದ್ದು ಮಾಡುವುದು ಟೀ ಕಾಯಿಸುವ ಕೆಟಲ್ ಒಂದೇ. ಆ ವರ್ಷ ಅವಳು ಊರಿನವರಿಗೆ ಕೊಡುವ ಸಾಲ್ಮನ್ ಮೀನಿನ ಪರವಾನಗಿ ಮಾಡಿಸಿದಳು, ಹಳೆಯ ಸಾಮಾನಿನಂಗಡಿಯಲ್ಲಿ ಹದಿಮೂರು ಅಡಿಯ ಗಾಳದ ಕೋಲೊಂದನ್ನು ಕೊಂಡಳು. ಅದನ್ನು ಬೀಸುವುದು ಹೇಗೆಂದು ಮಾತ್ರ ಗೊತ್ತಿರಲಿಲ್ಲ.

ಹೊಲದ ಗೇಟಿನ ಹತ್ತಿರ ಬಸ್ಸು ನಿಲ್ಲಿಸಿ, ಎದೆಮಟ್ಟದ ಹೊಸ ರಬ್ಬರ್ ಪೋಷಾಕಿನಲ್ಲಿ ಸರಬರ ಸದ್ದು ಮಾಡುತ್ತ ಅವಳು ಡೆವರನ್ ಹೊಳೆಗೆ ಇಳಿದು ಬಂದಳು. ಅಲ್ಲಿ ಕಮ್ಮಾರನ ಮಡು ಎನ್ನುವ ಜಾಗದ ತಲೆಯ ಬಳಿ, ಅಂದರೆ ಮೇಲ್ತುದಿಯಲ್ಲಿ, ಒಂದು ಮರದ ಬೆಂಚಿದೆ. ಅದರ ಮೇಲೆ ಒಬ್ಬ ಮುದುಕ ಕೂತಿದ್ದ. ತಲೆಗೆ ಕಿವಿ ಮುಚ್ಚುವ ಉಣ್ಣೆ ಟೋಪಿ. ಪೋಷಾಕಿನ ಎರಡೂ ಮಂಡಿಗೆ ಸೈಕಲ್ ಟ್ಯೂಬಿನ ತೇಪೆ. ಕೋಲು ಸಿದ್ಧವಾಗಿತ್ತು, ದಾರ ಪೋಣಿಸಿತ್ತು, ಗರಿ ಮತ್ತು ಕೂದಲು ಸುತ್ತಿ ಕಟ್ಟಿದ ಹುಸಿ ನೊಣವೂ ತುದಿಯಲ್ಲಿತ್ತು. ಆದರೂ ಆತ ಸುಮ್ಮನೆ ಕೂತಿದ್ದ.

"ನೀವು ಇಳೀತೀರಾ?" ಊನಾ ಕೇಳಿದಳು.

"ಇಳೀತೀನಿ. ಮುಂದೆ ಒಬ್ರಿದಾರೆ."

ಊನಾ ನೋಡಿದಳು. ಎಂಬತ್ತು ಹೆಜ್ಜೆ ಉದ್ದದ ಮಡು, ಡಿಕಾಕ್ಷನ್ ಬಣ್ಣದ ನೀರು, ನಡುವೆ ಕುದುರೆಯ ಬೆನ್ನಿನಂಥ ಒಂದು ಬಂಡೆ. ಆಚೆ ದಡದಲ್ಲಿ ಹಸಿರು ಕೋಟಿನ ಒಬ್ಬ ಉದ್ದ ಮನುಷ್ಯ ಗಾಳ ಬೀಸುತ್ತಿದ್ದ. ಆದರೆ ಆಚೆ ದಡ ಬೇರೆ ಜಮೀನ್ದಾರರದು, ಅಲ್ಲಿನವರು ಈಚೆ ದಡದಲ್ಲಿ ಒಬ್ಬರ ಹಿಂದೊಬ್ಬರು ಇಳಿಯುವ ಸರದಿಗೆ ಸೇರುವುದಿಲ್ಲ ಎಂಬಷ್ಟು ಅವಳಿಗೂ ಗೊತ್ತಿತ್ತು. ಈಚೆ ನರಪಿಳ್ಳೆಯೂ ಇರಲಿಲ್ಲ.

"ಯಾರೂ ಕಾಣ್ತಿಲ್ವಲ್ಲ?"

"ಕಾಣಲ್ಲ. ಕೂತ್ಕೊ ಹುಡ್ಗಿ."

ಐವತ್ತಮೂರರ ಊನಾಳನ್ನು ಯಾರಾದರೂ ಹುಡುಗಿ ಎಂದು ಕರೆದು ಎಷ್ಟೋ ಕಾಲವಾಗಿತ್ತು. ಅವಳು ಕೂತಳು. ಮುದುಕ ಗಡಿಯಾರ ನೋಡಿದ. ಹದಿನೈದು ನಿಮಿಷ ಇಬ್ಬರೂ ಬರೀ ನೀರು ನೋಡಿದರು. ಆಮೇಲೆ ಆತ, "ಈಗ ಬಂಡೆ ದಾಟಿರ್ತಾನೆ" ಎಂದು ತನಗೇ ಹೇಳಿಕೊಂಡು, ಬೆಂಚಿನ ಅಂಚು ಹಿಡಿದು ಎದ್ದು, ಒಂದೊಂದೇ ಕಾಲು ಇಟ್ಟು ನೀರಿಗಿಳಿದ.

ಮುದುಕನಿಗೆ ತಲೆ ಸರಿಯಿಲ್ಲ ಎಂದುಕೊಂಡ ಊನಾ ಬೇಕರಿಯ ಹೆಂಗಸನ್ನು ವಿಚಾರಿಸಿದಳು.

"ವಾಟಿನಾ? ಅವನ ತಲೆ ನೆಟ್ಟಗಿದೆ, ಕೆಟ್ಟಿರೋದು ಮಂಡಿ" ಎಂದಳು ಅವಳು. "ನಲವತ್ತು ವರ್ಷ ಮರದ ಮಿಲ್ಲಲ್ಲಿ ದುಡಿದ. ಮದುವೆ ಅಂತ ಆಗ್ಲಿಲ್ಲ. ದಿನಾ ನಾಲ್ಕು ಬಟರಿ ರೊಟ್ಟಿ ತಗೊಂಡು ಹೋಗ್ತಾನೆ. ಒಬ್ಬನಿಗೆ ನಾಲ್ಕು ಯಾಕೋ, ಕೇಳಿದ್ರೆ ಹೇಳಲ್ಲ."

ಮುಂದಿನ ಮಂಗಳವಾರ ಆ ಉಪ್ಪುಪ್ಪು ಬೆಣ್ಣೆ ರೊಟ್ಟಿಗಳಲ್ಲಿ ಎರಡು ಊನಾಳ ಕೈಗೆ ಬಂದವು. ಅವುಗಳ ಹಿಂದೆಯೇ ಪಾಠವೂ ಬಂತು.

"ಏನದು, ಕಂಬಳಿ ಕೊಡವ್ತಿದೀಯಾ?" ಅವಳು ಕೋಲು ಬೀಸುವುದನ್ನು ನೋಡಿ ವಾಟಿ ದಡದಿಂದ ಕೂಗುತ್ತಿದ್ದ. "ನಿಧಾನಕ್ಕೆ ಎತ್ತು, ನಿಲ್ಲಿಸು, ಆಮೇಲೆ ಬಿಡು. ಬಸ್ಸು ತಿರುಗಿಸ್ತೀಯಲ್ಲ, ಹಂಗೆ. ಹಿಂದೆ ಜಾಗ ಮಾಡ್ಕೊಂಡ್ರೆ ತಾನೆ ಮುಂದೆ ಹೋಗೋದು?"

ಅದು ಅವಳಿಗೆ ಅರ್ಥವಾಯಿತು. ಮೇ ತಿಂಗಳ ಹೊತ್ತಿಗೆ ದಾರ ಅರ್ಧ ಹೊಳೆಯ ತನಕ ಹೋಗುತ್ತಿತ್ತು.

"ಸಮುದ್ರದಿಂದ ಬಂದ ಸಾಲ್ಮನ್ ಹೊಳೇಲಿ ಏನೂ ತಿನ್ನಲ್ಲ" ಎಂದು ಒಮ್ಮೆ ಹೇಳಿದ. "ಹಸಿವಿಲ್ಲದೋರಿಗೆ ತಿಂಡಿ ತೋರ್ಸೋ ಕೆಲಸ ಇದು."

"ಮತ್ತೆ ಬಾಯಿ ಯಾಕೆ ಹಾಕತ್ತೆ?"

"ನಿನ್ನ ಮುಖದ ಮುಂದೆ ಯಾರಾದ್ರೂ ಬೆರಳು ಆಡಿಸ್ತಾನೇ ಇದ್ರೆ ನೀನು ಸುಮ್ನಿರ್ತೀಯಾ?"

ಎಲ್ಲಕ್ಕಿಂತ ಹೆಚ್ಚು ಒತ್ತಿ ಹೇಳುತ್ತಿದ್ದುದು ಸರದಿಯ ವಿಷಯ. ಮಡುವಿನ ತಲೆಯಲ್ಲಿ ಇಳಿಯಬೇಕು. ಒಂದು ಸಲ ಬೀಸಿದರೆ ಒಂದು ಹೆಜ್ಜೆ ಕೆಳಕ್ಕೆ. ಮುಂದಿನವನು ಮೂವತ್ತು ಹೆಜ್ಜೆ ಹೋದ ಮೇಲೆ ಹಿಂದಿನವನು ಇಳಿಯಬೇಕು. ಆಗ ಮಡುವಿನ ಮೀನೆಲ್ಲ ಒಂದೊಂದು ಸಲ ಎಲ್ಲರ ಪಾಲಿಗೂ ಬರುತ್ತದೆ. ಮುಂದಿರುವವನನ್ನು ದಾಟಿ ಕೆಳಗೆ ಇಳಿಯುವುದು ಮಾತ್ರ ಕೂಡದು. "ಒಬ್ಬನ ಹೊಟ್ಟೆ ಮೇಲೆ ಹೊಡೀಬಹುದು, ಅದನ್ನ ಮಾಡಬಾರದು" ಎನ್ನುತ್ತಿದ್ದ.

ಹೀಗೆ ನೀರಿಗಿಳಿದ ಮೇಲೆ ಮಾತಿಲ್ಲ. ಮೂವತ್ತು ಹೆಜ್ಜೆ ಹಿಂದೆ ಒಬ್ಬರಿದ್ದಾರೆ ಎಂಬುದು ಬೆನ್ನಿಗೆ ಗೊತ್ತಿರುತ್ತದೆ, ಅಷ್ಟೆ. ಮನೆಯಲ್ಲಿ ಒಂಟಿಯಾಗಿರುವುದಕ್ಕಿಂತ ಇದು ಎಷ್ಟೋ ವಾಸಿ ಎಂದು ಊನಾಳಿಗೆ ಅನಿಸುತ್ತಿತ್ತು. ಆದರೂ ಅವಳು ಇಳಿದು ಮೂವತ್ತು ಹೆಜ್ಜೆ ಹೋದರೂ ವಾಟಿ ಬೆಂಚು ಬಿಟ್ಟು ಏಳುತ್ತಿರಲಿಲ್ಲ. ಆಮೇಲೂ ತನ್ನ ಹದಿನೈದು ನಿಮಿಷ ಕಾದೇ ಏಳುತ್ತಿದ್ದ.

ಜುಲೈನಲ್ಲಿ ಮೊದಲ ಮೀನು ಗಾಳ ಮುಟ್ಟಿತು. ಯಾರೋ ಸೆರಗು ಜಗ್ಗಿದ ಹಾಗೆ ಒಂದು ಎಳೆತ. ಊನಾ ಗಾಬರಿಯಿಂದ ಕೋಲು ಮೇಲಕ್ಕೆ ಎಳೆದುಬಿಟ್ಟಳು. ದಾರ ಸಡಿಲಾಗಿ ಮುಖಕ್ಕೇ ಬಂದು ಬಿತ್ತು.

"ಕಿತ್ಕೊಂಡ್ಬಿಟ್ಯಲ್ಲೇ ಅದರ ಬಾಯಿಂದ!" ವಾಟಿ ನಕ್ಕ. "ಅದು ತಗೊಂಡು, ತಿರುಗಿ, ಮನೆ ಕಡೆ ಹೊರಡ್ಲಿ. ಅಲ್ಲೀವರೆಗೂ ಕೈ ಕಟ್ಕೊಂಡಿರು. ಅವಸರ ಮಾಡ್ದೋರಿಗೆ ಈ ಹೊಳೇಲಿ..." ಎಂದವನು ಅಲ್ಲಿಗೇ ನಿಲ್ಲಿಸಿದ. ನಗುವೂ ನಿಂತಿತು.

ಅವನ ಕಣ್ಣು ಆಚೆ ದಡದ ಮೇಲಿತ್ತು. ಹಸಿರು ಕೋಟಿನ ಮನುಷ್ಯ ಪ್ರತಿ ಮಂಗಳವಾರ, ಶುಕ್ರವಾರ ಇದೇ ಮಡುವಿಗೆ ಬರುತ್ತಿದ್ದ. ಎರಡು ದಡಕ್ಕೂ ನಡುವೆ ಹೆಚ್ಚೆಂದರೆ ಮೂವತ್ತು ಗಜ. ಒಂದು ದಿನವೂ ಅವನು ಕೈ ಎತ್ತಿದ್ದಿಲ್ಲ, ವಾಟಿಯೂ ಎತ್ತಿದ್ದಿಲ್ಲ.

ಆಗಸ್ಟಿನಲ್ಲಿ ಹೊಳೆ ಬತ್ತಿ, ಬೀಸುವುದೇ ವ್ಯರ್ಥವೆನಿಸಿದ ಒಂದು ಮಧ್ಯಾಹ್ನ ಊನಾ ಕೇಳಿಯೇಬಿಟ್ಟಳು. "ದಿನಾ ನಿಮ್ಮ ಮುಂದೆ ಇಳಿಯೋರು ಯಾರು?"

ವಾಟಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿದ, ಮತ್ತೆ ಮುಚ್ಚಿದ.

"ಅಲ್ಲಿದಾನಲ್ಲ, ಎರಿಕ್ ಗಾಲ್ಡ್. ಇಪ್ಪತ್ತೆಂಟು ವರ್ಷ ನಾನೂ ಅವನೂ ಈ ಬೆಂಚಿಂದಾನೆ ಇಳೀತಿದ್ವಿ. ಅವನು ಮುಂದೆ, ನಾನು ಹಿಂದೆ. ಅವನು ಬಂಡೆ ದಾಟಿದ್ಮೇಲೆ ನಾನು. ಹನ್ನೊಂದು ವರ್ಷದ ಹಿಂದೆ ಒಂದಿನ, ಬಂಡೆ ದಾಟಿದೋನು ನೊಣ ಬದಲಾಯಿಸೋಕೆ ಅಂತ ದಡಕ್ಕೆ ಹೋಗಿ ಕೂತ. ಕನ್ನಡಕ ಹುಡುಕ್ತಿದ್ದ. ಅಷ್ಟರಲ್ಲಿ ಅವನು ಬೀಸಬೇಕಿದ್ದ ಜಾಗದಲ್ಲೇ ಒಂದು ದೊಡ್ಡ ಮೀನು ಮಗುಚ್ತು. ನಾನು ಕಂಡೆ. ಅವನು ಕಾಣ್ಲಿಲ್ಲ."

"ಹೇಳಿದ್ರಾ ಅವರಿಗೆ?"

"ಹೇಳಿದ್ರೆ ಈ ಕತೆ ಎಲ್ಲಿರ್ತಿತ್ತು? ಸದ್ದಿಲ್ಲದೆ ದಡ ಹತ್ತಿ, ಅವನ ಬೆನ್ನ ಹಿಂದೆ ಸುತ್ಕೊಂಡು ಹೋಗಿ, ಅವನ ಕೆಳಗೆ ಇಳಿದೆ. ಎರಡನೇ ಬೀಸಿಗೇ ಬಂತು. ಇಪ್ಪತ್ತೆರಡು ಪೌಂಡು. ಜನ್ಮದಲ್ಲೇ ಅಂಥಾದ್ದು ಹಿಡಿದಿರಲಿಲ್ಲ. ಅವನು ಬಂದು, ಬಲೆ ಹಿಡಿದು ಮೀನು ಎತ್ತಿಕೊಟ್ಟ. ಆಮೇಲೆ, 'ಅದು ನನ್ನ ನೀರಾಗಿತ್ತು ವಾಟಿ' ಅಂದ. ಅಷ್ಟೇ. ಮಾರನೇ ವರ್ಷ ಆಚೆ ದಡದ ಪರವಾನಗಿ ಮಾಡಿಸ್ಕೊಂಡ."

"ಕ್ಷಮಿಸು ಅಂತ ಕೇಳ್ಬಹುದಿತ್ತಲ್ವಾ?"

"ಮನೆಗೆ ಎರಡು ಸಲ ಹೋದೆ. ಬಾಗಿಲು ತೆಗೀಲಿಲ್ಲ. ಆಮೇಲೆ ಅವನ ಸರದಿ ಅವನಿಗೇ ಬಿಟ್ಟು ಕೂರೋದು ಶುರು ಮಾಡ್ದೆ. ನೋಡ್ತಾನಲ್ಲ ಅಲ್ಲಿಂದ, ಅರ್ಥ ಆಗ್ಬಹುದು ಅಂತ." ಮಂಡಿ ತಿಕ್ಕಿಕೊಳ್ಳುತ್ತ ಸೇರಿಸಿದ, "ಈ ಅಕ್ಟೋಬರ್ ಮುಗಿದ್ರೆ ಮುಗೀತು ಹುಡ್ಗಿ. ಈ ಮಂಡೀಲಿ ಇನ್ನು ನೀರಿಗೆ ಇಳೀಬಾರದು ಅಂದಿದಾರೆ ಡಾಕ್ಟ್ರು. ಅಷ್ಟರೊಳಗೆ ಒಂದು ಮಾತಾಡ್ತಾನೇನೋ ನೋಡಬೇಕು. ಬೈದ್ರೂ ಆಯ್ತು."

ಅಂದಿನಿಂದ ಊನಾ ಕೂಡ ಹದಿನೈದು ನಿಮಿಷ ಕಾದೇ ಇಳಿಯುತ್ತಿದ್ದಳು. ವಾಟಿ ಬೇಡವೆನ್ನಲಿಲ್ಲ.

ಅಕ್ಟೋಬರಿನ ಕೊನೆಯ ಶುಕ್ರವಾರ ಹೊಳೆ ಎರಡು ಅಡಿ ಏರಿ ಇಳಿದಿತ್ತು. ವಾಟಿ ಬೆಂಚಿನ ತನಕ ಮಾತ್ರ ಬಂದ. ಕೋಲು ತಂದಿರಲಿಲ್ಲ. ಎರಿಕ್ ಆಚೆ ದಡದಲ್ಲಿದ್ದ. ಹದಿನೈದು ನಿಮಿಷ ಕಾದು ಊನಾ ಒಬ್ಬಳೇ ಇಳಿದಳು. ಒಂದು ಬೀಸು, ಒಂದು ಹೆಜ್ಜೆ. ಬಂಡೆಯನ್ನು ಸ್ವಲ್ಪ ದಾಟಿದ್ದಾಗ ದಾರ ಗಟ್ಟಿಯಾಯಿತು. ಈ ಸಲ ಅವಳು ಕೈ ಕಟ್ಟಿಕೊಂಡಂತೆ ನಿಂತಳು. ರೀಲು ತಾನೇ ತಿರುಗಿ ಕಿರುಚತೊಡಗಿದ ಮೇಲೆ ಕೋಲು ಎತ್ತಿದಳು.

ಮೀನು ನೇರ ಆಚೆ ದಡಕ್ಕೆ ನುಗ್ಗಿತು. ಅಲ್ಲಿ ಎರಿಕ್‌ನ ದಾರ ನೀರಿನಲ್ಲಿತ್ತು. ಬೆಂಚಿನಿಂದ ಎದ್ದು ನಿಂತ ವಾಟಿ ಬಾಯಿಗೆ ಎರಡೂ ಕೈ ಹಿಡಿದು ಕೂಗಿದ.

"ಎರಿಕ್! ದಾರ ಎತ್ತೋ! ನಿನ್ನ ಕಡೆ ಬರ್ತಿದೆ!"

ಎರಿಕ್ ಆಗಲೇ ದಾರ ಸುತ್ತುತ್ತಿದ್ದ. ಊನಾಳ ದಾರ ಅವನ ಕಾಲಬಳಿ ಮುಳುಗಿದ್ದ ಕೊಂಬೆಯೊಂದಕ್ಕೆ ಸುತ್ತಿಕೊಂಡಿತು. ಅವನು ಸೊಂಟದವರೆಗೆ ಇಳಿದು, ಊರುಗೋಲಿನಿಂದ ಕೊಂಬೆಯನ್ನು ತಳ್ಳಿ ದಾರ ಬಿಡಿಸಿದ. ಹತ್ತು ನಿಮಿಷದ ಮೇಲೆ ಮೀನು ಈಚೆ ದಡದ ಕಲ್ಲುಗಳ ನಡುವೆ ಮಗ್ಗುಲಾಯಿತು. ಮೊಟ್ಟೆ ತುಂಬಿದ, ತಾಮ್ರದ ಬಣ್ಣಕ್ಕೆ ತಿರುಗಿದ ಹೆಣ್ಣು. ಊನಾ ಮಂಡಿಯೂರಿ ಗಾಳ ಬಿಡಿಸಿ, ಮತ್ತೆ ಹೊಳೆಗೇ ಬಿಡಲೆಂದು ಅದನ್ನು ಹರಿವಿಗೆ ಎದುರಾಗಿ ಹಿಡಿದುಕೊಂಡಳು. ಬಾಲ ಒಮ್ಮೆ ಗಟ್ಟಿಯಾಗಿ ಆಡಿತು. ಕೈಯಲ್ಲಿ ಬರೀ ನೀರು ಉಳಿಯಿತು.

ಆಚೆಯಿಂದ ದನಿ ಬಂತು. "ಎಷ್ಟಿತ್ತು?"

ಊನಾ ವಾಟಿಯ ಮುಖ ನೋಡಿದಳು. ವಾಟಿಯೇ ಕೂಗಿ ಹೇಳಿದ. "ಎಂಟು ಪೌಂಡ್ ಇರಬಹುದು ಎರಿಕ್. ಒಳ್ಳೇ ಮೀನು."

"ನಾನು ಆಯಮ್ಮನ್ನ ಕೇಳಿದ್ದು."

"ಎಂಟು" ಎಂದಳು ಊನಾ, ಸಣ್ಣ ದನಿಯಲ್ಲಿ.

"ಸರದಿ ತಪ್ಪದೆ ಬಂದ್ರಿ, ಸಿಕ್ತು" ಎಂದ ಎರಿಕ್. ಕೋಲು ಮಡಚಿ, ಬೇಲಿ ದಾಟಿ, ಹಿಂದಕ್ಕೆ ನೋಡದೆ ಹೊರಟುಹೋದ.

ವಾಟಿ ಬೆಂಚಿನ ಮೇಲೆ ಕೂತ. ಆಚೆ ಬೇಲಿಯ ಕಡೆ ನೋಡುತ್ತ, "ನನ್ನ ದನಿ ಕೇಳಿಸ್ತು ಅವನಿಗೆ" ಎಂದ. ಮೂರಕ್ಕೆ ಮಕ್ಕಳು ಕಾಯುತ್ತಾರೆ, ಹೊರಡು ಎಂದು ಅವಳನ್ನು ಕಳಿಸಿದ. ಬಸ್ಸಿನ ಕನ್ನಡಿಯಲ್ಲಿ ಊನಾಳಿಗೆ ಕಂಡದ್ದು ಬೆಂಚಿನ ಮೇಲಿನ ಟೋಪಿ ಮಾತ್ರ.

ವಾಟಿ ರಿಡಕ್ ಮತ್ತೆ ಪರವಾನಗಿ ಮಾಡಿಸಲಿಲ್ಲ. ಈಗ ಅವನು ಊರಿನ ಮನೆಯ ಅಡುಗೆಮೇಜಿನ ಮುಂದೆ ಕೂತು ವಾರಕ್ಕೆ ಎರಡು ನೊಣ ಕಟ್ಟುತ್ತಾನೆ. ಒಂದು ಊನಾಳಿಗೆ. ಇನ್ನೊಂದನ್ನು ಅವಳು ಸೇತುವೆ ಸುತ್ತಿಕೊಂಡು ಹೋಗಿ ಆಚೆ ದಡದ ಬೇಲಿಕಂಬಕ್ಕೆ ಚುಚ್ಚಿ ಬರುತ್ತಾಳೆ. "ತಗೊಂಡಿದಾನಾ?" ಎಂದು ಅವನು ಪ್ರತಿ ಸಲವೂ ಕೇಳುತ್ತಾನೆ. ಇಲ್ಲ ಎಂದು ಅವಳು ನಿಜವನ್ನೇ ಹೇಳುತ್ತಾಳೆ. ಕಂಬದಲ್ಲಿ ಈಗ ಒಂಬತ್ತು ಇವೆ, ಮೊದಲಿನವಕ್ಕೆ ತುಕ್ಕು ಹಿಡಿದಿದೆ. ವಾಟಿ ಕನ್ನಡಕ ಹಾಕಿಕೊಂಡು ಹತ್ತನೆಯದನ್ನು ಕಟ್ಟುತ್ತಿದ್ದಾನೆ.