ಅಕ್ಕನ ಕೈಯ ಕೆಂಪು ದಾರ

ರೋಣದ ದವಾಖಾನೆಯ ಆ ಡಾಕ್ಟರರ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವರು ಹೋಗಿ ಎಷ್ಟೋ ವರ್ಷವಾಯಿತು. ಹೋಗಲಿ, ನನ್ನ ಸಿಟ್ಟು ಮಾತ್ರ ಎಲ್ಲೂ ಹೋಗಿಲ್ಲ.

ಐವತ್ತರ ದಶಕದ ಒಂದು ಚಳಿಗಾಲ, ಓಣಿಗೆಲ್ಲ ಕಜ್ಜಿ ಹತ್ತಿತ್ತು. ಡಾಕ್ಟರರು ತಾವೇ ಒಂದು ಹೊಸ ಮುಲಾಮು ಮಾಡಿದ್ದರು. ಹಳೆಯ ಗಂಧಕದ ಮುಲಾಮಿಗಿಂತ ಅದು ಮೇಲೋ ಅಲ್ಲವೋ ನೋಡಲು ನಮ್ಮಿಂದ ಚೀಟಿ ಎತ್ತಿಸಿದರು. ಅದೇ ಓಣಿಗೆ ಕೊಟ್ಟಿದ್ದ ನನ್ನ ಅಕ್ಕನಿಗೆ ಹೊಸದು ಬಂತು, ಗುರುತಿಗೆ ಮಣಿಕಟ್ಟಿಗೆ ಕೆಂಪು ದಾರ. ನನಗೆ ಹಳೆಯದು, ಬಿಳಿ ದಾರ. ಅಕ್ಕ ದಾರ ತೋರಿಸಿ ತೋರಿಸಿ ನನ್ನನ್ನು ಅಣಕಿಸಿದಳು.

ವಾರದೊಳಗೆ ನನ್ನ ಕೈ ಒಣಗಿತು. ಅಕ್ಕನ ಅಂಗೈ ಸುಟ್ಟಂತಾಗಿ ಕೀವು ತುಂಬಿ, ಬೆರಳು ಮಡಚಲೂ ಆಗಲಿಲ್ಲ. ರೊಟ್ಟಿ ಬಡಿಯಲಾಗದವಳು ನಮಗ್ಯಾಕೆಂದು ಅವಳ ಅತ್ತೆ ತವರಿಗೆ ಅಟ್ಟಿದಳು.

ತಪಾಸಣೆಯ ದಿನ ಡಾಕ್ಟರರು ಅಕ್ಕನ ದಾರ ನೋಡಿದರು. "ಭಾಳ ಚಲೋ ಆಗೇತಿ."

"ಉರಿ ತಡಿಯಾಕಾಗವಲ್ದ್ರಿ," ಎಂದಳು ಅಕ್ಕ.

"ಗುಣ ಆಗೂಮುಂದ ಉರೀತೈತಿ. ಸುಮ್ನ ಹಚ್ಚವಾ."

ನನ್ನ ಒಣಗಿದ ಕೈಗೆ "ಇನ್ನೂ ಹಂಗ ಐತಿ" ಎಂದರು. ತಲೆ ಎತ್ತಿ ಯಾರ ಮುಖವನ್ನೂ ನೋಡಲಿಲ್ಲ. ಇವರ ಬಾಯಿಗೆ ಮಣ್ಣು ಬೀಳಲಿ ಎಂದು ಬೈದುಕೊಂಡೇ ಮನೆಗೆ ಬಂದೆ.

ಮುಂದಿನ ವಾರ ಮುಲಾಮಿನ ಗುಣ ನೋಡಲು ಧಾರವಾಡದಿಂದ ದವಾಖಾನೆಗಳ ದೊಡ್ಡ ಸಾಹೇಬರು ಬರುವವರಿದ್ದರು. ಅವರು ಹೂಂ ಎಂದರೆ ಮುಲಾಮು ನರಗುಂದ, ಗಜೇಂದ್ರಗಡಕ್ಕೂ ಹೋಗುತ್ತಿತ್ತು. ಅವರು ಬರುವ ದಿನ ಬೆಳಿಗ್ಗೆ ಅಕ್ಕನ ಕೆಂಪು ದಾರ ಬಿಚ್ಚಿ ನಾನು ಕಟ್ಟಿಕೊಂಡೆ, ನನ್ನ ಬಿಳಿ ದಾರ ಅವಳಿಗೆ ಕಟ್ಟಿದೆ.

"ಬ್ಯಾಡ ತಂಗಿ, ಬೈತಾರ."

"ಬೈಲಿ. ನೀ ಬಾಯಿ ಮುಚ್ಚಕೊಂಡ ಕೈ ಚಾಚು."

ಡಾಕ್ಟರರು ನನ್ನ ಕೈ ಎತ್ತಿ ಹಿಡಿದರು. "ನೋಡ್ರಿ ಸಾಹೇಬ್ರ, ನಮ್ಮ ಮುಲಾಮು. ಒಂದ ಗುಳ್ಳಿ ಇಲ್ಲ." ಅಕ್ಕನ ಬಿಳಿ ದಾರ ಕಂಡು ಮುಖ ಕಿವುಚಿದರು. "ಇದು ಹಳೇದು. ಹ್ಯಾಂಗ ಕೊಳತೈತಿ ನೋಡ್ರಿ. ಇದನ್ನ ಹಚ್ಚೂದ ಪಾಪ."

ನನಗೆ ಅಷ್ಟೇ ಬೇಕಿತ್ತು.

"ದಾರ ನಾ ಅದಲಾಬದಲಿ ಮಾಡೇನ್ರಿ," ಎಂದೆ, ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. "ಕೊಳತ ಕೈಗೆ ಹಚ್ಚಿದ್ದು ನಿಮ್ಮ ಮುಲಾಮು. ಹೋದ ವಾರ ಇದ ಕೈ ನೋಡಿ ಭಾಳ ಚಲೋ ಅಂದ್ರಿ. ಈಗ ಹೇಳ್ರಿ, ಯಾರ ಪಾಪ?"

ಸಾಹೇಬರು ಡಾಕ್ಟರರನ್ನು ಹೊರಗೆ ಕೂರಿಸಿದರು. ಎಲ್ಲರ ದಾರ ಬಿಚ್ಚಿಸಿ, ಮೊದಲು ಕೈ ನೋಡಿ, ಯಾವ ಮುಲಾಮೆಂದು ಆಮೇಲೆ ಕೇಳಿದರು. ಹೊಸ ಮುಲಾಮು ರೋಣ ದಾಟಲಿಲ್ಲ. ಅಕ್ಕನ ಎರಡು ಬೆರಳು ಮತ್ತೆಂದೂ ನೆಟ್ಟಗಾಗಲಿಲ್ಲ.

ಮನೆಗೆ ಹೊರಟಾಗ ಡಾಕ್ಟರರು ಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದರು. ಅಕ್ಕ ಬೇಡವೆಂದರೂ ಅವಳ ಕೈ ಹಿಡಿದು ಅವರೆದುರು ಚಾಚಿದೆ.

"ಈಗರ ನೋಡ್ರಿ," ಎಂದೆ.

ಅವರು ತಲೆ ಎತ್ತಿ ಅಕ್ಕನ ಮುಖ ನೋಡುವವರೆಗೂ ನಾನು ಆ ಕೈ ಇಳಿಸಲಿಲ್ಲ.