ಕೆಂದ ನಾಯಿಯ ಪಥ್ಯ

ಕೆಂದ ನಾಯಿ ಮೈ ಕೆರೆದುಕೊಳ್ಳಲು ಶುರುಮಾಡಿದಾಗ ಅದಕ್ಕೆ ಕಾರಣ ಏನೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು, ನನ್ನೊಬ್ಬಳನ್ನು ಬಿಟ್ಟು. ಮಾವನ ಪ್ರಕಾರ ಅದು ಕಜ್ಜಿ. ಅತ್ತೆಯ ಪ್ರಕಾರ ನಂಜು. ನನ್ನ ಗಂಡನ ಪ್ರಕಾರ, ನಾಯಿ ಅಂದಮೇಲೆ ಕೆರೆದುಕೊಳ್ಳುತ್ತದೆ. ಅವರು ಅಪ್ಪನ ಪಕ್ಷವೂ ಅಲ್ಲ, ಅಮ್ಮನ ಪಕ್ಷವೂ ಅಲ್ಲ, ಊಟದ ಪಕ್ಷ. ಹೊತ್ತಿಗೆ ಸರಿಯಾಗಿ ತಟ್ಟೆ ಬಂದರೆ ಲೋಕದಲ್ಲಿ ಎಲ್ಲವೂ ಸರಿಯಾಗಿಯೇ ಇರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಆಲೂರಿನಿಂದ ದೋಣಿಗಲ್ ಕಡೆಯ ಈ ಸಣ್ಣ ತೋಟಕ್ಕೆ ನಾನು ಸೊಸೆಯಾಗಿ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಮನೆಯಲ್ಲಿ ನನ್ನನ್ನು ಮೊದಲು ಒಪ್ಪಿಕೊಂಡಿದ್ದು ನಾಯಿ. ನಾನು ಹಿತ್ತಲಿಗೆ ಹೋದರೆ ಹಿತ್ತಲಿಗೆ, ಕಾಫಿ ಕಣಕ್ಕೆ ಹೋದರೆ ಕಣಕ್ಕೆ, ಹಿಂದೆಯೇ ಬರುತ್ತಿತ್ತು. ಮಾತಾಡಲು ಬೇರೆ ಯಾರೂ ಸಿಗದ ದಿನಗಳಲ್ಲಿ ಅದರ ಜೊತೆಗೇ ಮಾತಾಡಿದ್ದೇನೆ, ಒಂದೆರಡು ಸಲ ಅತ್ತಿದ್ದೇನೆ ಕೂಡ. ಈಗ ಅದು ನಡೆಯುತ್ತಾ ನಡೆಯುತ್ತಾ ಧಡಕ್ಕನೆ ಕೂತು ಕಿವಿ ಕೆದರುತ್ತಿತ್ತು. ಪಾದಗಳನ್ನು ನೆಕ್ಕಿ ನೆಕ್ಕಿ ಕೆಂಪು ಮಾಡಿಕೊಂಡಿತ್ತು. ಹೊಟ್ಟೆಯ ಕೆಳಗೆ, ಕಂಕುಳಲ್ಲಿ ಕೂದಲು ಉದುರಿ ಹುಣ್ಣಾಗಿತ್ತು, ಹತ್ತಿರ ಹೋದರೆ ವಾಸನೆ.

ಮಾವ ಗಂಧಕ ಕಲಸಿದ ಹೊಂಗೆ ಎಣ್ಣೆ ಹಚ್ಚಿಸಿದರು. ಆಮೇಲೆ ಬಾಳ್ಳುಪೇಟೆಯ ಲಾರಿ ಗ್ಯಾರೇಜಿನಿಂದ ಡಬ್ಬಿಯಲ್ಲಿ ಸುಟ್ಟ ಆಯಿಲ್ ತರಿಸಿ ಬಳಿದರು. ಕೆಂದ ನಾಯಿ ಕರಿ ನಾಯಿಯಾಗಿ ಜಗಲಿಯ ಗೋಡೆಗೆಲ್ಲ ಮೈ ಉಜ್ಜಿತು. ಗೋಡೆ ತೊಳೆದವಳು ನಾನು. ಕೆರೆತ ಮಾತ್ರ ಒಂದು ಚೂರೂ ಕಡಿಮೆಯಾಗಲಿಲ್ಲ.

"ಕೊಯ್ಲಿಗೆ ಆಳು ಬರೋ ಹೊತ್ಗೆ ಇದು ಹಿಂಗೇ ಇದ್ರೆ ಹೊಡ್ದಾಕ್ತೀನಿ ಕಣಮ್ಮ," ಅಂದರು ಮಾವ. "ಲೈನ್ ಮನೆಗಳಲ್ಲಿ ಆಳುಗಳ ಮಕ್ಳು ಮರಿ ಇರ್ತವೆ. ನಾಯಿನ ತಬ್ಕೊಂಡೇ ಮಲಗ್ತವೆ."

ಆಗೆಲ್ಲ ನಮ್ಮ ಕಡೆಯ ತೋಟಗಳಲ್ಲಿ ಕಜ್ಜಿ ಹಿಡಿದ ನಾಯಿಗೆ ಕೊನೆಯ ಔಷಧಿ ಕೋವಿ. ಮಾವ ಕೆಟ್ಟವರಲ್ಲ. ಆ ನಾಯಿಯನ್ನು ಮರಿಯಿದ್ದಾಗ ಕೋಟಿನೊಳಗೆ ಇಟ್ಟುಕೊಂಡು ತಂದವರೂ ಅವರೇ. ಹೊಡೆದುಹಾಕುವ ಮಾತು ಹೇಳುವಾಗ ಅವರು ನಾಯಿಯ ಕಡೆ ನೋಡಲಿಲ್ಲ.

ಅತ್ತೆ ಮಾತ್ರ ಧೈರ್ಯವಾಗಿದ್ದರು. ಮೈಯಲ್ಲಿ ನಂಜಾದರೆ ಏನು ಮಾಡಬೇಕೆಂದು ಅವರಿಗೆ ಬಾಯಿಪಾಠ. ಹಂದಿ ಬಾಡು ಬಂದ್, ಒಣಮೀನು ಬಂದ್, ಮೊಟ್ಟೆ, ಬದನೆಕಾಯಿ, ಕುಂಬಳಕಾಯಿ ಎಲ್ಲ ಬಂದ್. ಮನೆಯವರಿಗೆ ಗಾಯವಾದರೂ ಬಾಣಂತಿಯಾದರೂ ಇದೇ ಪಥ್ಯ. ನಾಯಿಗೂ ಅದನ್ನೇ ಮಾಡಿಸಿದರು. ನಾಯಿ ಬಡಕಲಾಯಿತು, ಹುಣ್ಣು ದೊಡ್ಡದಾಯಿತು.

ಕೊನೆಗೆ ನಾನೇ ಹಟ ಹಿಡಿದು ಅದನ್ನು ಸಕಲೇಶಪುರದ ದನದ ಡಾಕ್ಟರ ಹತ್ತಿರ ಕರೆದೊಯ್ದೆ. ಬಸ್ಸಿನ ಕಂಡಕ್ಟರ್ ಹತ್ತಿಸಿಕೊಳ್ಳಲಿಲ್ಲ. ಗೊಬ್ಬರ ತರಲು ಹೊರಟಿದ್ದ ಜೀಪಿನಲ್ಲಿ ಖಾಲಿ ಚೀಲಗಳ ಮೇಲೆ ನಾಯಿ, ಪಕ್ಕದಲ್ಲಿ ನಾನು. ಆಸ್ಪತ್ರೆಯಲ್ಲಿ ಹಸು, ಎತ್ತು ಹಿಡಿದು ನಿಂತಿದ್ದ ಗಂಡಸರೆಲ್ಲ ನನ್ನನ್ನು ನೋಡಿ ನಕ್ಕರು. ನನಗೆ ಸಿಟ್ಟು ಬಂತು, ಆದರೆ ನಗುವುದರಲ್ಲೂ ನ್ಯಾಯವಿತ್ತು. ನಾಯಿಗೆ ಡಾಕ್ಟರು ಅನ್ನುವುದನ್ನು ನಾನೂ ಅಲ್ಲಿವರೆಗೆ ಕೇಳಿರಲಿಲ್ಲ.

ಡಾಕ್ಟರು ಓದು ಮುಗಿಸಿ ಆಗಷ್ಟೇ ಕೆಲಸಕ್ಕೆ ಸೇರಿದ್ದ ಹುಡುಗ. ಬ್ಲೇಡಿನಿಂದ ನಾಯಿಯ ಚರ್ಮ ಕೆರೆದು ಗಾಜಿನ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ಬಹಳ ಹೊತ್ತು ನೋಡಿದರು.

"ಕಜ್ಜಿ ಹುಳ ಏನೂ ಕಾಣಿಸ್ತಿಲ್ಲ. ಊಟ ಒಗ್ಗದೆ ಹೀಗಾಗಿರಬಹುದು. ನಾಯಿಗೆ ಏನು ಹಾಕ್ತೀರಿ?"

"ನಾವು ತಿನ್ನೋದೇ."

"ನೀವು ಏನು ತಿಂತೀರಿ?"

ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು. ಅಕ್ಕಿ ರೊಟ್ಟಿ, ರಾಗಿ ಮುದ್ದೆ, ಕಡುಬು, ಹುರುಳಿ, ಕೋಳಿ, ಹಂದಿ, ಏಡಿ, ಕಳಲೆ ಅನ್ನುವಷ್ಟರಲ್ಲಿ ಪೆನ್ನು ಕೆಳಗಿಟ್ಟರು. ನಾಯಿ ಇದುವರೆಗೆ ಬಾಯಿಗಿಡದ ಮಾಂಸ ಒಂದು, ಅದರ ಜೊತೆ ಬೇಯಿಸಿದ ಗೆಡ್ಡೆಯೋ ಧಾನ್ಯವೋ ಒಂದು, ನೀರು, ಇಷ್ಟೇ ಕೊಡಿ ಎಂದರು. ಒಂದೆರಡು ತಿಂಗಳು ಬೇರೆ ಒಂದಗುಳೂ ಬೀಳಬಾರದು. ಗುಣವಾದರೆ ಹಳೆಯ ಊಟವನ್ನೆಲ್ಲ ಒಂದೊಂದಾಗಿ ಮತ್ತೆ ಕೊಡಬೇಕು. ಯಾವುದನ್ನು ಕೊಟ್ಟಾಗ ಕೆರೆತ ಮರಳಿ ಬರುತ್ತದೋ ಅದೇ ಕಳ್ಳ.

"ಗುಣ ಆದ್ಮೇಲೆ ಮತ್ತೆ ಯಾಕೆ ಸಾರ್ ಕೆಡಿಸ್ಬೇಕು?"

"ಇಲ್ದಿದ್ರೆ ಯಾವುದರಿಂದ ಅಂತ ಗೊತ್ತಾಗಲ್ಲ."

"ನೀವು ಬೇರೆ ನಾಯಿಗೆ ಮಾಡಿದ್ದೀರಾ?"

"ಓದಿದ್ದೀನಿ," ಅಂದರು, ಸ್ವಲ್ಪ ಕೆಂಪಾಗಿ.

ಮನೆಗೆ ಬಂದು ವಿಷಯ ತಿಳಿಸಿದಾಗ ಎದ್ದ ಪ್ರಶ್ನೆ, ನಮ್ಮ ನಾಯಿ ತಿನ್ನದೇ ಇರುವುದು ಏನು? ಹಲಸಿನ ಬೀಜ ತಿಂದಿತ್ತು. ಕಾಡುಹಂದಿ ತಿಂದಿತ್ತು. ಮಾವನ ಚಪ್ಪಲಿಯನ್ನೂ ತಿಂದಿತ್ತು. ಕೊನೆಗೆ ಹೊಳೆದದ್ದು ಕುರಿ. ನಮ್ಮ ಘಟ್ಟದ ಬದಿಯಲ್ಲಿ ಕುರಿ ಸಾಕುವವರಿಲ್ಲ, ಮನೆಯಲ್ಲಿ ಅದನ್ನು ತರುವ ರೂಢಿಯೂ ಇರಲಿಲ್ಲ. ಕುರಿಯ ಜೊತೆಗೆ ಗೆಣಸು ಎಂದು ನಿರ್ಧಾರವಾಯಿತು. ಬಾಳ್ಳುಪೇಟೆಯ ಕಟುಕರ ಅಂಗಡಿಯಿಂದ ಎಲೆಯಲ್ಲಿ ಸುತ್ತಿದ ಕುರಿ ಬಾಡು ವಾರ ವಾರ ಬರತೊಡಗಿತು.

"ನಾಯಿಗೆ ಕುರಿ ಬಾಡು, ನಮಗೆ ಹುರುಳಿ ಸಾರು," ಅಂದರು ಮಾವ. "ಮುಂದಿನ ಜನ್ಮ ಅಂತ ಇದ್ರೆ ಈ ಮನೇಲಿ ನಾಯಿಯಾಗೇ ಹುಟ್ಬೇಕು ನೋಡು."

ಆಷಾಢವೆಲ್ಲ ನಾನು ಆ ನಾಯಿಯನ್ನು ಕಣ್ಣಲ್ಲಿ ಕಣ್ಣಿಟ್ಟು ಕಾದೆ. ಹಗಲು ಕಟ್ಟಿ ಹಾಕಿದೆ. ವರ್ಷವಿಡೀ ಲೈನಿನಲ್ಲೇ ಇರುವ ಹೆಂಗಸರ ಹತ್ತಿರ, ಒಂದು ತುಂಡು ರೊಟ್ಟಿ ಎಸೆದರೂ ನಾನು ಸುಮ್ಮನಿರುವುದಿಲ್ಲ ಎಂದು ಜಗಳ ಕಾದೆ. ಆದರೂ ಕೆರೆತ ಇಳಿಯಲಿಲ್ಲ. ದಿನವೂ ಎಲ್ಲರನ್ನೂ ಕೇಳುತ್ತಿದ್ದೆ, ಏನಾದರೂ ಹಾಕಿದಿರಾ ಎಂದು.

"ಇಲ್ಲ ಕಣವ್ವ, ನಾನ್ಯಾಕೆ ಹಾಕ್ಲಿ? ಡಾಕ್ಟ್ರು ಬ್ಯಾಡ ಅಂದವ್ರಲ್ಲ," ಅನ್ನುತ್ತಿದ್ದರು ಅತ್ತೆ. ಅವರು ಸುಳ್ಳು ಹೇಳುವವರಲ್ಲ. ಬೆಕ್ಕಿನ ಬಟ್ಟಲೋ, ಕೋಳಿ ಗೂಡೋ, ಕುರಿಯೇ ಒಗ್ಗುತ್ತಿಲ್ಲವೋ, ನನಗೆ ತಲೆಬುಡ ತಿಳಿಯಲಿಲ್ಲ. ಮತ್ತೆ ಡಾಕ್ಟರ ಹತ್ತಿರ ಹೋದರೆ ಅವರು ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. "ಇನ್ನೂ ಸ್ವಲ್ಪ ದಿನ ನೋಡೋಣ," ಅಂದರು.

ಅಷ್ಟರಲ್ಲಿ ಶ್ರಾವಣ ಬಂತು. ಶ್ರಾವಣದಲ್ಲಿ ನಮ್ಮ ಮನೆಯಲ್ಲಿ ಬಾಡಿಲ್ಲ, ಹಿಂದಿನ ವರ್ಷಗಳಲ್ಲಿ ನಾಯಿಗೂ ಶ್ರಾವಣವೇ. ಈಗ ಕುರಿ ಬೇಯಿಸುವುದೆಲ್ಲಿ? ಅಡುಗೆಮನೆಯಲ್ಲಿ ಆಗುವುದಿಲ್ಲ ಎಂದು ಅತ್ತೆ ಖಂಡಿತವಾಗಿ ಹೇಳಿದರು. ನಾನು ಹಳೆಯ ಪಾತ್ರೆಯೊಂದನ್ನು ಬಚ್ಚಲ ಒಲೆಯ ಮೇಲೆ ಏರಿಸಿದೆ. ಆ ವರ್ಷ ಅತ್ತೆಯದು ದಸರಾವರೆಗೂ ಹರಕೆ, ಬಾಡು ಮುಟ್ಟುವ ಹಾಗಿಲ್ಲ, ಬಾಡು ತಿಂದ ನಾಯಿಯನ್ನೂ ಮುಟ್ಟುವ ಹಾಗಿಲ್ಲ. ಅದು ಬಾಲ ಆಡಿಸುತ್ತಾ ಬಂದರೆ "ದೂರ ಇರೋ ಮಾರಾಯ, ಮೈಲಿಗೆ ಮಾಡ್ಬುಟ್ಟೀಯ," ಎಂದು ಸೆರಗು ಎಳೆದುಕೊಂಡು ಸರಿಯುತ್ತಿದ್ದರು. ಸರಿದಮೇಲೆ ಬಾಗಿಲಲ್ಲಿ ನಿಂತು ಅದನ್ನೇ ನೋಡುತ್ತಿದ್ದರು.

ಶ್ರಾವಣ ಕಳೆಯುವ ಹೊತ್ತಿಗೆ ಕೆರೆತ ತಗ್ಗಿತು. ಗೌರಿ ಹಬ್ಬಕ್ಕೆ ಹೊಟ್ಟೆಯ ಹುಣ್ಣು ಒಣಗಿ ಅಲ್ಲಲ್ಲಿ ಎಳೆ ಕೂದಲು ಬಂತು. ನನಗೆ ಸಂತೋಷಕ್ಕಿಂತ ಗೊಂದಲವೇ ಹೆಚ್ಚಾಯಿತು. ಅದೇ ಕುರಿ, ಅದೇ ಗೆಣಸು, ಒಲೆ ಮಾತ್ರ ಬೇರೆ. ಒಲೆ ಬದಲಾದರೆ ಕಜ್ಜಿ ಹೋಗುತ್ತದೆಯೇ? ಮಾವ ಇದು ಸುಟ್ಟ ಆಯಿಲ್ಲಿನ ಗುಣ, ನಿಧಾನವಾಗಿ ಹತ್ತಿದೆ ಎಂದರು. ಅತ್ತೆ ಹರಕೆಯ ಫಲ ಎಂದರು. ಆ ದಿನಗಳಲ್ಲಿ ಯಾರು ಏನು ಹೇಳಿದರೂ ನನಗೆ ಹೌದೆನ್ನಿಸುತ್ತಿತ್ತು.

ಗಣೇಶನನ್ನು ಬಿಟ್ಟಮೇಲೆ ಮನೆಗೆ ಮತ್ತೆ ಬಾಡು ಬಂತು. ಡಾಕ್ಟರು ಹೇಳಿದಂತೆ ಒಂದೊಂದನ್ನೇ, ನಡುವೆ ದಿನ ಬಿಟ್ಟು, ಕೊಟ್ಟು ನೋಡಿದೆ. ಮೊದಲು ಹಂದಿ. ಏನೂ ಆಗಲಿಲ್ಲ. ಒಣಮೀನು, ಏನೂ ಆಗಲಿಲ್ಲ. ಮೊಟ್ಟೆ, ಕೋಳಿ, ರಾಗಿ, ಅಕ್ಕಿ. ಮುಂಜಾನೆ ಎದ್ದ ಕೂಡಲೇ ಹೋಗಿ ಅದರ ಕಿವಿ ಮಗುಚಿ ನೋಡುತ್ತಿದ್ದೆ, ಕಿವಿ ತಣ್ಣಗೆ ಇರುತ್ತಿತ್ತು. ಅತ್ತೆ ನಂಜು ಎಂದು ನಿಲ್ಲಿಸಿದ್ದನ್ನೆಲ್ಲ ನಾಯಿ ಸಲೀಸಾಗಿ ತಿಂದು ಮುಗಿಸಿತು. ಡಾಕ್ಟರೂ ತಲೆ ಕೆರೆದುಕೊಂಡು, "ಹಾಗಾದ್ರೆ ಊಟದ್ದಲ್ವೇನೋ," ಅಂದರು. ಕಳ್ಳ ಸಿಗಲಿಲ್ಲ, ಕಳ್ಳತನವೂ ನಿಂತಿತು, ಹೋಗಲಿ ಎಂದು ನಾನೂ ಸುಮ್ಮನಾದೆ. ಮಾವ ಕೋವಿಯ ಮಾತೆತ್ತುವುದನ್ನು ಬಿಟ್ಟಿದ್ದರು.

ದಸರಾ ಮುಗಿದು ಸ್ವಲ್ಪ ದಿನಕ್ಕೆ, ನಾನು ಬಟ್ಟೆ ಒಣಹಾಕುತ್ತಿದ್ದಾಗ, ಹಿಂದೆ ಬರುತ್ತಿದ್ದ ನಾಯಿ ಧಡಕ್ಕನೆ ಕೂತು ಕಿವಿ ಕೆದರಿತು. ಬಟ್ಟೆ ಅಲ್ಲೇ ಬಿಟ್ಟು ಅದರ ಕಿವಿ ಮಗುಚಿ ನೋಡಿದೆ, ಬಿಸಿಯಾಗಿತ್ತು. ವಾರ ಕಳೆಯುವಷ್ಟರಲ್ಲಿ ಪಾದ ಕೆಂಪಾಯಿತು, ಹೊಟ್ಟೆಯ ಎಳೆ ಕೂದಲು ಉದುರಿತು. ಕೊಯ್ಲಿನ ಆಳುಗಳು ಟ್ರಂಕು, ಮಡಕೆ, ಮಕ್ಕಳನ್ನು ಹೊತ್ತು ಬಂದು ಲೈನಿನಲ್ಲಿ ಇಳಿದದ್ದು ಅದೇ ವಾರ. ಮಾವ ಕೋವಿ ಇಳಿಸಿ ಜಗಲಿಯ ಮೇಲೆ ಕೂತು ನಳಿಗೆ ಒರೆಸತೊಡಗಿದರು.

"ಇನ್ನು ಆಗಲ್ಲ ಕಣಮ್ಮ. ನೀನೂ ಮಾಡೋಷ್ಟು ಮಾಡ್ದೆ. ನಾಳೆ ಬೆಳಿಗ್ಗೆ ನೀನು ತವರಿಗೆ ಹೋಗಿ ಬಾ."

ನನಗೆ ಅಳು, ಸಿಟ್ಟು ಎರಡೂ ಬಂತು. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೋ ತಿಳಿಯಲಿಲ್ಲ. ನಾಯಿಯನ್ನು ಹುಡುಕಿಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ಅಲ್ಲಿ ಅತ್ತೆ ಕುಕ್ಕರಗಾಲಲ್ಲಿ ಕೂತು, ಚೊಂಬಿನಿಂದ ಕಲ್ಲಿನ ಮರಿಗೆಗೆ ಮಜ್ಜಿಗೆ ಸುರಿಯುತ್ತಿದ್ದರು. ನಾಯಿ ಲೊಚಲೊಚನೆ ಕುಡಿಯುತ್ತಿತ್ತು. ಅತ್ತೆಯ ಕಣ್ಣಲ್ಲಿ ನೀರಿತ್ತು.

"ಅತ್ತೆ, ಇದೇನು ಕೊಡ್ತಿದ್ದೀರಿ?"

"ಮಜ್ಜಿಗೆ ಕಣವ್ವ. ಮೈಯೆಲ್ಲ ಉರಿ ಐತೆ ಪಾಪದ್ದಕ್ಕೆ. ತಂಪಾಗ್ಲಿ ಅಂತ."

"ಯಾವಾಗಿಂದ ಕೊಡ್ತಿದ್ದೀರಿ?"

"ಮರಿ ಇದ್ದಾಗ್ಲಿಂದ್ಲೂ. ಹರಕೆ ಅಂತ ನಡುವೆ ನಿಲ್ಸಿದ್ದೆ, ಮುಟ್ಟಂಗಿರ್ಲಿಲ್ಲವಲ್ಲ. ಈಗ ಮತ್ತೆ ಕೊಡ್ತಿವ್ನಿ."

"ಆಷಾಢದಲ್ಲಿ? ನಾನು ದಿನಾ ಕೇಳ್ತಿದ್ದೆನಲ್ಲ, ಏನೂ ಹಾಕಿಲ್ಲ ಅಂತಿದ್ದಿರಿ."

ಅತ್ತೆ ನನ್ನನ್ನು ಅರ್ಥವಾಗದವರ ಹಾಗೆ ನೋಡಿದರು. "ಹಾಕಿರ್ಲಿಲ್ಲ ಕಣವ್ವ. ಮಜ್ಜಿಗೆ ಊಟವಾ? ಅದು ಪಥ್ಯಕ್ಕೆ ಕೊಡೋದು. ಹುಣ್ಣು ಜಾಸ್ತಿ ಆದಂಗೆಲ್ಲ ನಾನೂ ಜಾಸ್ತಿ ಕೊಟ್ಟೆ, ಮೊಸರೂ ಕಲಸಿ ಕೊಟ್ಟೆ."

ನಾನು ಅಲ್ಲೇ ನೆಲದ ಮೇಲೆ ಕೂತೆ. ಡಾಕ್ಟರು ಕೇಳಿದಾಗ ನಾನು ಹೇಳಿದ ಊಟದ ಸಾಲಿನಲ್ಲಿ ಹಾಲಿರಲಿಲ್ಲ, ಮೊಸರಿರಲಿಲ್ಲ. ನನಗೂ ಅದು ಊಟ ಎನ್ನಿಸಿರಲಿಲ್ಲ. ನಿಂತಾಗ ಗುಣ, ಕೊಟ್ಟಾಗ ಕೆರೆತ. ಅತ್ತೆಗೆ ಇದನ್ನು ಹೇಗೆ ಹೇಳುವುದೆಂದು ಗೊತ್ತಾಗದೆ ತಡವರಿಸುತ್ತಾ ಹೇಳಿದೆ. ಮೊದಲು ಅವರು ನಕ್ಕರು. ಹಾಲು ಆಗದ ಜೀವ ಎಲ್ಲಾದರೂ ಉಂಟೇ, ಮೂರು ಮಕ್ಕಳ ನಂಜನ್ನು ಇದೇ ಮಜ್ಜಿಗೆಯಿಂದ ಇಳಿಸಿದವಳು ನಾನು ಎಂದರು. ಆಮೇಲೆ ನಗು ನಿಂತಿತು. ಶ್ರಾವಣದಿಂದ ದಸರಾವರೆಗೆ ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಾರೆಂದು ಅವರ ತುಟಿ ನೋಡಿದರೆ ತಿಳಿಯುತ್ತಿತ್ತು. ಎದ್ದು ಮರಿಗೆಯನ್ನು ಮಗುಚಿ, ಜಗಲಿಯ ಕಡೆ ನಡೆದರು.

"ಕೋವಿ ಒಳಗಿಡಿ," ಅಂದರು ಮಾವನಿಗೆ. "ಅದಕ್ಕೆ ಕಜ್ಜಿ ಇಲ್ಲ. ನಾನು ಮಜ್ಜಿಗೆ ಹಾಕಿ ಹಾಕಿ ಹಿಂಗಾಗೈತೆ."

"ಮಜ್ಜಿಗೆಯಿಂದ ಕಜ್ಜಿಯಾ? ಅತ್ತೆ ಸೊಸೆ ಇಬ್ರಿಗೂ ತಲೆ ಕೆಟ್ಟೈತಾ?"

"ಕೆಟ್ಟೈತೆ ಅಂತಲೇ ತಿಳ್ಕೊಳ್ಳಿ. ಒಂದು ತಿಂಗಳು ನಾಯಿ ಕೊಟ್ಟಿಗೆ ಹಿಂದೆ ಕಟ್ಟಿರ್ಲಿ, ಯಾವ ಮಗೂನೂ ಹತ್ರ ಬಿಡಲ್ಲ. ಗುಣ ಆಗ್ಲಿಲ್ಲ ಅಂದ್ರೆ ನಾನೇ ಹಿಡ್ಕೊಂಡು ಬಂದು ನಿಮ್ಮ ಮುಂದೆ ನಿಲ್ಲಿಸ್ತೀನಿ."

ಅತ್ತೆ ಮಾವನಿಗೆ ಎದುರಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮಾವ ಇಬ್ಬರನ್ನೂ ನೋಡಿ, ಕೋವಿ ಹಿಡಿದು ಒಳಗೆ ಹೋದರು.

ಕೊಯ್ಲು ಅರ್ಧವಾಗುವಷ್ಟರಲ್ಲಿ ನಾಯಿಯ ಮೈ ಒಣಗಿತು. ಹಗ್ಗ ಬಿಚ್ಚಿದ ದಿನ ಬೆಳಿಗ್ಗೆ ಅದು ನೇರ ಅಡುಗೆಮನೆಯ ಹಿಂಬಾಗಿಲಿಗೆ ಬಂತು. ಅತ್ತೆ ಹೊಸ್ತಿಲ ಹತ್ತಿರ ಕೂತು ಮೊಸರು ಕಡೆಯುತ್ತಿದ್ದರು. ನಾನು ಒಳಗೆ ಒಲೆಯ ಮುಂದಿದ್ದೆ. ಅತ್ತೆ ಕಡೆಗೋಲು ನಿಲ್ಲಿಸಿ ಅದರ ಕಡೆ ತಿರುಗಿದರು.

"ನಾನು ಕೊಟ್ಟಿದ್ದನ್ನ ಒಂದ್ಸಲನಾದ್ರೂ ಬ್ಯಾಡ ಅನ್ನಬಾರ್ದಾಗಿತ್ತೇನೋ?" ಅಂದರು.

ನಾಯಿ ಬಾಲ ಆಡಿಸುತ್ತಾ ಹತ್ತಿರ ಬಂದು ಅವರ ಕೈ ನೆಕ್ಕಲು ಬಾಯಿ ಚಾಚಿತು. ಅತ್ತೆ ಬೆಣ್ಣೆ ಮೆತ್ತಿದ ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡರು.